ಕಾಡು ಉಳೀಬೇಕು ಅಂದ್ರೆ ಜನರನ್ನ ಓಡಿಸ್ಲೇಬೇಕಾ?

ಸಂಪಾದಕರಿಗೆ ನಮಸ್ಕಾರ,

ಮಳೆಕಾಡು ಉಳಿಸೋದು ಅಂದ ತಕ್ಷಣ ಸುತ್ತ ಬೇಲಿ ಹಾಕಿ ಒಳಗಿರೋ ಜನರನ್ನ ಆಚೆ ಕಳಿಸಿಬಿಡಿ ಅನ್ನೋರೇ ಜಾಸ್ತಿ, ಆದ್ರೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಆಗಿರೋದು ನೋಡಿದ್ರೆ ಈ ಲೆಕ್ಕ ಸರಿ ಇಲ್ಲ ಅನ್ಸತ್ತೆ. ಅಲ್ಲಿ 1990ರಲ್ಲಿ ಮಾಯಾ ಬಯೋಸ್ಫಿಯರ್ ರಿಸರ್ವ್ ಅಂತ ಒಂದು ಸಂರಕ್ಷಿತ ಕಾಡು ಮಾಡಿದ್ರು, ಆಮೇಲೆ ಅದರ ಒಂದು ಭಾಗಾನ ಅಲ್ಲಿನ ಜನರ ಸಂಘಗಳಿಗೇ 25 ವರ್ಷದ ಕರಾರಿನ ಮೇಲೆ ಕೊಟ್ರು. ಅವರು ಮಹಾಗನಿ ಮರ ಲೆಕ್ಕ ಇಟ್ಟು ಕಡೀತಾರೆ, ಒಂದು ಕಡೆ ಕಡಿದ್ಮೇಲೆ ಆ ಜಾಗಾನ ದಶಕಗಟ್ಟಲೆ ಮುಟ್ಟಲ್ಲ, ಜೊತೆಗೆ ಅಲಂಕಾರಕ್ಕೆ ಬಳಸೋ ಶಾತೆ ಎಲೆ, ಚ್ಯೂಯಿಂಗ್ ಗಮ್ಮಿಗೆ ಬೇಕಾದ ಚಿಕ್ಲೆ ಅಂಟು ಎಲ್ಲ ಮಾರ್ತಾರೆ. ವಿಚಿತ್ರ ಏನಂದ್ರೆ ಅದೇ ರಿಸರ್ವಿನ ಲಗೂನಾ ದೆಲ್ ಟಿಗ್ರೆ ನ್ಯಾಷನಲ್ ಪಾರ್ಕಲ್ಲಿ, ಅಂದ್ರೆ ಕಾಗದದ ಮೇಲೆ ಯಾರೂ ಏನೂ ಮುಟ್ಟೋ ಹಾಗಿಲ್ದಿರೋ ಜಾಗದಲ್ಲಿ, ದನ ಸಾಕೋಕೆ ಅಂತ ಎಷ್ಟೋ ಕಾಡು ಸುಟ್ಟು ಹಾಕಿದ್ರು, ಸಂಘಗಳ ಕಾಡು ಮಾತ್ರ ಬಹುಪಾಲು ನಿಂತಿದೆ, ಜಾಗ್ವಾರೂ ಇದೆ. ಎಲ್ಲಾ ಸಂಘಗಳೂ ಗೆದ್ದಿಲ್ಲ ಬಿಡಿ, ಕೆಲವರ ಕರಾರು ರದ್ದಾಗಿದೆ.

ಅಮೆಜಾನಿನ ಬ್ರೆಜಿಲ್ ನಟ್ ಮರಾನೂ ನೋಡಿ. ಹೂವಿಗೆ ಕಾಡಿನ ದೊಡ್ಡ ಜೇನ್ನೊಣ ಬರ್ಬೇಕು, ಗಟ್ಟಿ ಕಾಯಿ ಕಡಿದು ಬೀಜ ಹೂತಿಡೋಕೆ ಅಗೂಟಿ ಅನ್ನೋ ಪ್ರಾಣಿ ಬೇಕು, ಅದು ಮರೆತುಬಿಟ್ಟ ಬೀಜಾನೇ ಮುಂದಿನ ಮರ! ಹಂಗಾಗಿ ಕಾಯಿ ಆರಿಸಿ ಬದುಕೋರಿಗೆ ಕಾಡುಪ್ರಾಣಿ ಇರ್ಲೇಬೇಕು.

ಮಳೆಕಾಡಿನ ಸುದ್ದಿ ಹಾಕುವಾಗ ಎಷ್ಟು ಎಕರೆ ಹೋಯ್ತು ಅನ್ನೋದರ ಜೊತೆ ಆ ಜಾಗದ ಹಕ್ಕು ಯಾರ ಹತ್ರ ಇತ್ತು ಅಂತಾನೂ ದಯವಿಟ್ಟು ಬರೀರಿ.

– ಒಬ್ಬ ಓದುಗ