ಆಲೂ ಕಡ್ಡಿಗೆ ಹತ್ತು ರೂಪಾಯಿ ಜಾಸ್ತಿ, ಯಾಕೆ ಅಂದ್ರೆ

ಗ್ರಾಹಕರಿಗೆಲ್ಲ ಹಾಸನದಿಂದ ನಮಸ್ಕಾರ,

ಮುಂದಿನ ತಿಂಗಳಿಂದ ನಮ್ಮ ಆಲೂ ಕಡ್ಡಿಗೆ ಹಾಕುವ ಗಡ್ಡೆ ಬೇರೆ. 200 ಗ್ರಾಂ ಪ್ಯಾಕೆಟ್ 70 ರೂಪಾಯಿ ಇದ್ದದ್ದು 80 ಆಗುತ್ತದೆ. ಎಣ್ಣೆ, ಉಪ್ಪು, ಕರಿಬೇವು ಏನೂ ಬದಲಾಗಿಲ್ಲ.

ಅನ್ನ ಸಾರಿಗೆ, ಮೊಸರನ್ನಕ್ಕೆ ನೆಂಚಿಕೊಳ್ಳಲು ಒಯ್ಯುವವರು ಆಗಾಗ ಕೇಳುತ್ತೀರಿ, ಕೆಲವು ತಿಂಗಳು ಕಡ್ಡಿ ಯಾಕೆ ಕಪ್ಪಗಿರುತ್ತೆ, ಎಣ್ಣೆ ಹಳೇದಾ ಅಂತ. ಎಣ್ಣೆಯದಲ್ಲ, ಗಡ್ಡೆಯದು. ಕೋಲ್ಡ್ ಸ್ಟೋರೇಜಿನಲ್ಲಿ 2ರಿಂದ 4 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮೊಳಕೆ ಬರುವುದಿಲ್ಲ ನಿಜ, ಆದರೆ ಒಳಗಿನ ಪಿಷ್ಟ ನಿಧಾನಕ್ಕೆ ಸಕ್ಕರೆಯಾಗುತ್ತದೆ. ಪಲ್ಯ, ಸಾಗು ಮಾಡಿದರೆ ಒಂಚೂರು ಸಿಹಿ ಅನ್ನಿಸಬಹುದು, ಅಷ್ಟೆ. ಕಾದ ಎಣ್ಣೆಗೆ ಬಿದ್ದರೆ ಮಾತ್ರ ಕಡ್ಡಿ ಗರಿಗರಿ ಆಗುವ ಮೊದಲೇ ಕಂದು ಬಣ್ಣಕ್ಕೆ ತಿರುಗಿ ಕಹಿ ಬರುತ್ತದೆ, ಅದರಲ್ಲೂ ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿದ್ದಾದರೆ ಕೇಳುವುದೇ ಬೇಡ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೈ ಮೀರಿರುತ್ತದೆ. ನಾಲ್ಕು ನೀರಲ್ಲಿ ತೊಳೆದರೆ ಮೇಲಿನ ಸಕ್ಕರೆ ಹೋಗುತ್ತದೆ, ಒಳಗಿನದು ಹೋಗಲ್ಲ. ಹಾಗೆ ಕಪ್ಪಾದದ್ದರಲ್ಲಿ ಅಕ್ರಿಲಮೈಡ್ ಅನ್ನುವ ಬೇಡದ ಪದಾರ್ಥವೂ ಜಾಸ್ತಿ.

ಅದಕ್ಕೇ ಇನ್ನು ಚಿಪ್ಸೋನಾ ಗಡ್ಡೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಚಿಪ್ಸ್‌ಗೆಂದೇ 1998ರಲ್ಲಿ ಬಿಟ್ಟ ತಳಿ. ನೀರು ಕಡಿಮೆ, ಸಕ್ಕರೆ ಕಡಿಮೆ, ಎಣ್ಣೆಯನ್ನೂ ಅಷ್ಟು ಕುಡಿಯುವುದಿಲ್ಲ. ಇದನ್ನು 10ರಿಂದ 12 ಡಿಗ್ರಿಯಲ್ಲಿ ಇಡುತ್ತಾರೆ. ನಾವು ಗುಜರಾತ್ ಕಡೆಯಿಂದ ತರಿಸುತ್ತೇವೆ, ಆ ಹತ್ತು ರೂಪಾಯಿ ಹೆಚ್ಚಾಗಿ ಲಾರಿ ಬಾಡಿಗೆಗೇ ಹೋಗುತ್ತದೆ.

ಹಾಸನದಲ್ಲಿ ಕೂತು ಗುಜರಾತ್ ಆಲೂಗಡ್ಡೆನಾ ಅಂತ ನಮ್ಮ ಮನೆಯವರೇ ಬೈದರು. ಇಲ್ಲಿ ಬೆಳೆಯುವುದು ಹೆಚ್ಚಾಗಿ ಜ್ಯೋತಿ ಅನ್ನುವ ತಳಿ, ಅದಕ್ಕೂ ಬಿತ್ತನೆ ಗಡ್ಡೆ ಪಂಜಾಬಿನಿಂದಲೇ ಬರಬೇಕು, ಅಲ್ವಾ? ಮುಂಗಾರಿಗೆ ಹಾಕಿ ಮಳೆಯಲ್ಲೇ ಕೀಳುವ ಗಡ್ಡೆ ಜಾಸ್ತಿ ದಿನ ತಡೆಯುವುದಿಲ್ಲ. ಅಂಗಮಾರಿ ರೋಗ ತಗುಲಿದ ವರ್ಷ ಸಿಗುವುದೇ ಕಷ್ಟ. ಆದರೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೊಲದಿಂದ ನೇರ ಬರುವ ಗಡ್ಡೆ ಬಿಡಲು ನಮಗೂ ಮನಸ್ಸಿಲ್ಲ. ಆ ಎರಡು ತಿಂಗಳು ಕಡ್ಡಿ ಹಾಸನದ್ದೇ, ಬೆಲೆಯೂ 70 ರೂಪಾಯಿಯೇ. ಸ್ವಲ್ಪ ಮೆತ್ತಗೆ, ಎಣ್ಣೆ ತುಸು ಜಾಸ್ತಿ, ನನಗಂತೂ ಅದೇ ಇಷ್ಟ. ಯಾವ ಗಡ್ಡೆ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತೇವೆ.

ಮದುವೆ, ನಾಮಕರಣಕ್ಕೆ ಈಗಾಗಲೇ ಆರ್ಡರ್ ಕೊಟ್ಟವರಿಗೆ ಹಳೇ ಬೆಲೆಯೇ. ಮತ್ತೆ, ಮನೆಯಲ್ಲಿ ಕರಿಯುವವರು ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲೂ ಸಕ್ಕರೆ ಏರುತ್ತದೆ. ಬುಟ್ಟಿಯಲ್ಲಿ ಹಾಕಿ ಕತ್ತಲಿರುವ ಮೂಲೆಗೆ ಇಡಿ.