ಗೆಳೆಯನಿಗೊಂದು ಪತ್ರ: ಸಕಲೇಶಪುರ ಘಾಟಿಯಲ್ಲಿ ರೈಲು ಯಾಕೆ ಅಷ್ಟು ನಿಧಾನ?

ಪ್ರೀತಿಯ ಗೆಳೆಯಾ,

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಬರೀ 55 ಕಿ.ಮೀ., ಅಷ್ಟಕ್ಕೆ ಎರಡು ಗಂಟೆಗೂ ಮಿಕ್ಕಿ ಬೇಕೇ, ಹಳಿ ಸರಿಯಿಲ್ಲವೋ ಎಂಜಿನ್ನಿಗೆ ಕಸುವಿಲ್ಲವೋ ಎಂದು ಕೇಳಿದ್ದೀಯ. ಹಳಿಯೂ ಚೆನ್ನಾಗಿದೆ, ಎಂಜಿನ್ನೂ ಗಟ್ಟಿಯಿದೆ ಮಾರಾಯ. ಹತ್ತಿಸುವುದಕ್ಕೆ ಇನ್ನೊಂದು ಎಂಜಿನ್ ಜೋಡಿಸಿದರಾಯಿತು. ಇಳಿಸುವುದು ಮತ್ತು ಮಳೆನೀರು, ಆ ಘಾಟಿಯ ವೇಗವನ್ನು ನಿರ್ಧರಿಸುವುದು ಇವೆರಡೇ.

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸುಬ್ರಹ್ಮಣ್ಯ ರೋಡ್ ಸುಮಾರು 120 ಮೀಟರ್. ನಡುವೆ ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಸಿರಿಬಾಗಿಲು. 57 ಸುರಂಗ, 109 ಸೇತುವೆ. ಕಡಿದಾದ ಕಡೆ 50 ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುತ್ತದೆ. ಬಸ್ಸಿನವರಿಗೆ ಇದು ಇಳಿಜಾರೇ ಅಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಓಡುವಾಗ ಇದೇ ದೊಡ್ಡದು. 1,000 ಟನ್ ತೂಕದ ಗಾಡಿಯನ್ನು ಈ ಏರಿನಲ್ಲಿ ಜಾರದಂತೆ ಹಿಡಿದು ನಿಲ್ಲಿಸುವುದಕ್ಕೇ 20 ಟನ್ ಬಲ ಬೇಕು. ಅದರ ಮೇಲೆ ತಿರುವುಗಳಿವೆ. ಅಲ್ಲಿನ ಕಠಿಣ ತಿರುವು 8 ಡಿಗ್ರಿಯದು, ಅಂದರೆ ತ್ರಿಜ್ಯ ಸುಮಾರು 218 ಮೀಟರ್. ಬ್ರಾಡ್‌ಗೇಜ್ ಲೆಕ್ಕದಲ್ಲಿ ತಿರುವಿನ ಒಂದೊಂದು ಡಿಗ್ರಿಗೂ ಶೇ 0.04ರಷ್ಟು ಏರು ಹೆಚ್ಚಿದಂತೆ. ಅದಕ್ಕೇ ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್ ಜೋಡಿಸಿ ತಳ್ಳಿಸುವುದು. ಹಿಂದಿನಿಂದ ತಳ್ಳಿದರೆ ಮುಂದಿನ ಬೋಗಿಗಳ ಕೊಂಡಿಯ ಮೇಲೆ ಎಳೆತವೂ ಕಡಿಮೆಯಾಗುತ್ತದೆ.

ಇಳಿಯುವಾಗ ಕಥೆಯೇ ಬೇರೆ. ಬ್ರೇಕ್ ಪೈಪಿನಲ್ಲಿ ಚದರ ಸೆಂ.ಮೀ.ಗೆ 5 ಕೆ.ಜಿ. ಒತ್ತಡದ ಗಾಳಿ ತುಂಬಿರುತ್ತದೆ. ಅದನ್ನು ಇಳಿಸಿದರೆ ಬ್ರೇಕ್ ಹಿಡಿಯುತ್ತದೆ, ಮತ್ತೆ ತುಂಬಿದರೆ ಬಿಡುತ್ತದೆ. ಇಳಿಜಾರಿನಲ್ಲಿ ಪದೇ ಪದೇ ಹಿಡಿದು ಬಿಟ್ಟು ಮಾಡಿದರೆ ಬೋಗಿಗಳ ಗಾಳಿ ಟ್ಯಾಂಕ್ ಪೂರ್ತಿ ತುಂಬಲು ಪುರುಸೊತ್ತು ಸಿಗುವುದಿಲ್ಲ, ಪ್ರತಿ ಸಲವೂ ಹಿಡಿತ ಸ್ವಲ್ಪ ಸ್ವಲ್ಪ ಕುಂದುತ್ತಾ ಹೋಗುತ್ತದೆ. ಬ್ರೇಕ್ ಬ್ಲಾಕ್ ಕಾದರೆ ಘರ್ಷಣೆಯೂ ಇಳಿಯುತ್ತದೆ. ಆದ್ದರಿಂದ ಲೋಕೋ ಪೈಲಟ್ ಮೊದಲು ನೆಚ್ಚುವುದು ಎಂಜಿನ್ನಿನ ಡೈನಾಮಿಕ್ ಬ್ರೇಕನ್ನು. ಗಾಲಿ ತಿರುಗಿಸುವ ಮೋಟರೇ ಆಗ ಜನರೇಟರ್ ಆಗುತ್ತದೆ, ಹುಟ್ಟಿದ ಕರೆಂಟು ಡೀಸೆಲ್ ಎಂಜಿನ್ನಿನಲ್ಲಿ ರೆಸಿಸ್ಟರ್‌ಗಳ ಮೂಲಕ ಬಿಸಿಯಾಗಿ ಹೊರಹೋಗುತ್ತದೆ. ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿದ್ದರೆ ಮಾತ್ರ ಇದೆಲ್ಲ ಕೈಯಳತೆಯಲ್ಲಿರುತ್ತದೆ. 40ಕ್ಕೆ ಏರಿದ ಗಾಡಿಯನ್ನು ಮತ್ತೆ 30ಕ್ಕೆ ತರುವುದು ಅಲ್ಲಿ ಸುಲಭವಲ್ಲ.

ಅಷ್ಟಾಗಿಯೂ ಬ್ರೇಕ್ ಕೈಕೊಟ್ಟರೆ? ಅದಕ್ಕೆ ಕ್ಯಾಚ್ ಸೈಡಿಂಗ್ ಇದೆ. ನಿಲ್ದಾಣಕ್ಕೆ ಮುಂಚೆ ಕವಲೊಡೆದು ಗುಡ್ಡದ ಕಡೆ ಏರುವ ಹಳಿ ಅದು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್ ಯಾವಾಗಲೂ ಆ ಕವಲಿನ ಕಡೆಗೇ ಇಟ್ಟಿರುತ್ತಾರೆ. ಇಳಿದು ಬರುವ ಗಾಡಿ ಮೊದಲು ಪೂರ್ತಿ ನಿಲ್ಲಬೇಕು, ನಿಂತದ್ದು ಖಾತ್ರಿಯಾದ ಮೇಲೆಯೇ ಮುಖ್ಯ ಹಳಿಗೆ ದಾರಿ. ನಿಲ್ಲದೆ ಬಂದ ಗಾಡಿ ಏರಿನಲ್ಲಿ ತಾನಾಗಿ ಸೋತು ನಿಲ್ಲುತ್ತದೆ. 55 ಕಿ.ಮೀ.ಗೆ ಗಂಟೆಗೆ 30ರಂತೆ ಎರಡು ಗಂಟೆ ಸಾಲದೇ ಎಂದು ನೀನು ಹಾಕಿದ ಲೆಕ್ಕ ತಪ್ಪುವುದು ಇಲ್ಲೇ. ಜೊತೆಗೆ ಒಂಟಿ ಹಳಿ, ಎದುರು ಗಾಡಿಗೆ ಕಾಯುವುದೂ ಸೇರುತ್ತದೆ.

ಇನ್ನು ಇತಿಹಾಸ. ಮಂಗಳೂರಿಗೆ ಕೇರಳದ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಹಾಸನದಿಂದ ಘಾಟಿ ಇಳಿದು ಕರಾವಳಿ ಮುಟ್ಟಿದ್ದು 1979ರಲ್ಲಿ, ಅದೂ ಮೀಟರ್‌ಗೇಜ್. 1974ರಲ್ಲಿ ನವಮಂಗಳೂರು ಪ್ರಮುಖ ಬಂದರು ಎನಿಸಿಕೊಂಡಿತ್ತು, ಅದಕ್ಕೆ ಒಳನಾಡಿನ ಸರಕು ತಲುಪಬೇಕಿತ್ತು. 17 ವರ್ಷ ಓಡಿಸಿ, 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಘಾಟಿಯನ್ನು ಮುಚ್ಚಿದರು. ಕೆಲಸ ಕುಂಟಿತು. 2003ರಲ್ಲಿ ರೈಲ್ವೆ, ರಾಜ್ಯ ಸರ್ಕಾರ ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಕಟ್ಟಿದ ಮೇಲೆ ಚುರುಕಾಗಿ, 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಓಡಿದವು. ಇದ್ದ ರೈಲನ್ನು ಕಿತ್ತುಕೊಂಡು ಜನರನ್ನು ಹನ್ನೊಂದು ವರ್ಷ ಕಾಯಿಸಿದ್ದು ಅನ್ಯಾಯ, ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ಈಗ ನೀರಿನ ವಿಷಯ. ಗುಡ್ಡ ಕಡಿದು ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಮಣ್ಣು ಪೇರಿಸಿದ ಏರಿ, ನಡುವೆ ಹಳಿ. ಗುಡ್ಡದ ನೆತ್ತಿಯ ಕಾಲುವೆ ಎಲೆ, ಮಣ್ಣು ತುಂಬಿ ಕಟ್ಟಿಕೊಂಡರೆ ನೀರು ಇಳಿಜಾರಿನ ಮಣ್ಣಿಗೆ ಇಂಗುತ್ತದೆ. ನೆನೆದ ಮಣ್ಣು ಭಾರವೂ ಹೌದು, ಸಡಿಲವೂ ಹೌದು; ಬಂಡೆಯ ಮೇಲಿಂದ ಹಾಗೇ ಜಾರಿ ಬರುತ್ತದೆ. ಹಳಿಯ ಮೇಲೆ ಬಿದ್ದ ಮಣ್ಣನ್ನು ಯಂತ್ರ ತಂದು ತೆಗೆಯಬಹುದು. ಹಳಿಯ ಕೆಳಗಿನ ಏರಿಯೇ ಕುಸಿದರೆ ಕಷ್ಟ. 2018ರ ಆಗಸ್ಟಿನಲ್ಲಿ ಹಲವು ಕಡೆ ಜರಿದು ಸಂಚಾರ ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಗೆ ಯಡಕುಮೇರಿ–ಕಡಗರವಳ್ಳಿ ನಡುವೆ ಏರಿಯೇ ಕುಸಿಯಿತು. ಅಲ್ಲಿಗೆ ಲಾರಿ ಹೋಗುವಂಥ ರಸ್ತೆ ಇಲ್ಲ. ಬಂಡೆ, ಮರಳು ಮೂಟೆ, ತಂತಿಬಲೆ ಇಂಥ ಜಾಗಕ್ಕೆ ರೈಲಿನಲ್ಲೇ ಬರಬೇಕು. ತಂತಿಬಲೆಯೊಳಗೆ ಕಲ್ಲು ತುಂಬಿ ಗೋಡೆ ಕಟ್ಟುವುದಕ್ಕೂ ಕಾರಣವಿದೆ: ಕಾಂಕ್ರೀಟ್ ಗೋಡೆಯ ಹಿಂದೆ ನೀರು ಕಟ್ಟಿಕೊಂಡು ತಳ್ಳುತ್ತದೆ, ಕಲ್ಲಿನ ಸಂದಿಯಲ್ಲಿ ಹರಿದು ಹೋಗುತ್ತದೆ.

ಮಳೆಗಾಲದ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುವ ಗಸ್ತಿನವರನ್ನು ನೆನೆಸಿಕೋ. ಹಳಿಗೆ ಕಲ್ಲು ಬಿದ್ದದ್ದು ಕಂಡರೆ ಅಲ್ಲಿ ಕೆಂಪು ದೀಪ ಇಟ್ಟು, ಗಾಡಿ ಬರುವ ದಿಕ್ಕಿಗೆ ಓಡಬೇಕು. 600 ಮೀಟರಿಗೆ ಹಳಿಯ ಮೇಲೆ ಒಂದು ಡಿಟೊನೇಟರ್, 1,200 ಮೀಟರಿಗೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು. ಗಾಲಿ ಹತ್ತಿದಾಗ ಅವು ಸಿಡಿಯುವ ಸದ್ದಿಗೆ ಲೋಕೋ ಪೈಲಟ್ ಗಾಡಿ ನಿಲ್ಲಿಸುತ್ತಾನೆ. ಎಡೆಬಿಡದ ಮಳೆಯಲ್ಲಿ, ಸುರಂಗ ದಾಟಿ, ಸೇತುವೆ ದಾಟಿ ಓಡುವ 1,200 ಮೀಟರ್ ಅದು.

2025ರ ಜೂನ್‌ನಿಂದ ಹಗಲು ರೈಲು ನಿಲ್ಲಿಸಿ ವಿದ್ಯುತ್ ತಂತಿಯ ಕೆಲಸ ನಡೆಸಿದರು. ವಿದ್ಯುತ್ ಎಂಜಿನ್ ಓಡಿದರೆ ಸುರಂಗದ ಹೊಗೆ ತಪ್ಪುತ್ತದೆ, ಇಳಿಯುವಾಗ ಹುಟ್ಟುವ ಕರೆಂಟು ವ್ಯರ್ಥವಾಗದೆ ತಂತಿಗೆ ಮರಳುತ್ತದೆ. ವೇಗ ಮಾತ್ರ ಏರಲಿಕ್ಕಿಲ್ಲ. 8 ಡಿಗ್ರಿ ತಿರುವು, ಕ್ಯಾಚ್ ಸೈಡಿಂಗ್ ಅಲ್ಲೇ ಇರುತ್ತವೆ. ನೀನು ಹೋಗುವುದಾದರೆ ಜುಲೈ, ಆಗಸ್ಟ್ ಬಿಟ್ಟು ಅಕ್ಟೋಬರ್ ನಂತರ ಹೊರಡು, ಹಗಲು ರೈಲಿಗೆ ಟಿಕೆಟ್ ಮಾಡಿಸು. ಸಕಲೇಶಪುರದಲ್ಲಿ ಗಾಡಿ ನಿಂತಾಗ ಹಿಂದಕ್ಕೆ ಬ್ಯಾಂಕರ್ ಬಂದು ಜೋಡಿಸುವುದನ್ನು ನೋಡು, ಅದು ಇಳಿಯುವಾಗ ಬ್ರೇಕಿಗೂ ಒದಗುತ್ತದೆ.

ಇಂತಿ ನಿನ್ನ ಗೆಳೆಯ