ಚಿತ್ರಕ್ಕೆ ಮೊದಲು ಗೋಡೆ ನೋಡಿ

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಶಾಲೆ, ಆಸ್ಪತ್ರೆ, ಓಣಿಯ ಕಾಂಪೌಂಡುಗಳಿಗೆ ಚಿತ್ರ ಬರೆಸುವ ಉಮೇದು ಸಂತೋಷದ್ದೇ. ಚಿತ್ರಕಾರ ಎಸ್.ಎಂ. ಪಂಡಿತರು ಹುಟ್ಟಿದ ಕಲಬುರಗಿಗೆ ಅದು ಒಪ್ಪುತ್ತದೆ ಕೂಡ. ಆದರೆ ಚದರಡಿಗೆ ಇಷ್ಟು ಎಂದು ದರ ಕೂಗಿ, ಕಡಿಮೆ ಹೇಳಿದವರಿಗೆ ಕೆಲಸ ಕೊಡುವವರೆಗೆ ಎರಡನೇ ಬೇಸಿಗೆಗೆ ಬಣ್ಣ ಚಕ್ಕೆ ಏಳುವುದು ತಪ್ಪದು. ಆ ದರದಲ್ಲಿ ಗೋಡೆ ಹದ ಮಾಡುವ ಖರ್ಚು ಇರುವುದೇ ಇಲ್ಲ. ಅರ್ಧ ಕೆಲಸ ಅದೇ.

ನಮ್ಮ ಭಾಗದ ಗೋಡೆಗಳ ಗುಣ ಬೇರೆ. ಶಹಾಬಾದ್ ಫರಸಿಯ ಗೋಡೆಗೆ ನೇರ ಬಣ್ಣ ಬಳಿಯಬಾರದು. ಆ ನುಣುಪು ಸುಣ್ಣಕಲ್ಲು ಬಣ್ಣ ಹಿಡಿಯುವುದಿಲ್ಲ, ಸಂದಿಯ ಸಿಮೆಂಟು ಮಾತ್ರ ಹಿಡಿಯುತ್ತದೆ; ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರದ ಬದಲು ಸಂದಿಗಳ ಗೆರೆ ಕಾಣುತ್ತವೆ. ಅಂಥ ಗೋಡೆ ಇದ್ದಂತೆ ಇರಲಿ, ಕಲ್ಲೇ ಚೆಂದ. ಬೀದರಿನ ಜಂಬಿಟ್ಟಿಗೆ ಇದಕ್ಕೆ ತದ್ವಿರುದ್ಧ. ತೂತುತೂತಾದ ಕಲ್ಲು ಮಳೆನೀರು ಕುಡಿದು ಬಹಳ ದಿನ ಹಿಡಿದಿಡುತ್ತದೆ, ಆಮೇಲೆ ಬಣ್ಣದ ಹಿಂದಿನಿಂದ ಉಪ್ಪು ದೂಡುತ್ತದೆ. ಇನ್ನು ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ, ಆಳದ ತಳಪಾಯವಿಲ್ಲದ ಕಾಂಪೌಂಡು ಓರೆಯಾಗಿ ಸೀಳುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಕೂರಿಸಿ ಬಿಡಿ. ಗಾಜು ಒಡೆದರೆ ಬಿರುಕು ಇನ್ನೂ ಚಾಲ್ತಿಯಲ್ಲಿದೆ ಎಂದರ್ಥ. ಅಲ್ಲಿ ಯಾವ ಫಿಲ್ಲರೂ ನಿಲ್ಲದು, ಬೇರೆ ಗೋಡೆ ನೋಡಬೇಕು. ಒಡೆಯದಿದ್ದರೆ ಬಿರುಕನ್ನು ‘ವಿ’ ಆಕಾರದಲ್ಲಿ ಕೊರೆದು ಅಕ್ರಿಲಿಕ್ ಫಿಲ್ಲರ್ ತುಂಬಬಹುದು.

ಒಪ್ಪಿದ ಗೋಡೆಗೆ ಅಂಗೈ ಉಜ್ಜಿ ನೋಡಬೇಕು. ಬಿಳಿ ಹತ್ತಿದರೆ ಹಳೆ ಸುಣ್ಣ ಇನ್ನೂ ಇದೆ. ಅದರ ಮೇಲೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಸುಣ್ಣದ ಸಮೇತ ಕಳಚುತ್ತದೆ, ಆದ್ದರಿಂದ ಗಟ್ಟಿ ಗಿಲಾವು ಸಿಗುವವರೆಗೆ ಕೆರೆಯಲೇಬೇಕು. ಉಪ್ಪು ಬಿಟ್ಟಿದ್ದರೆ ಒಣ ಬ್ರಷ್ಷಿನಿಂದ ಉದುರಿಸಿ; ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ತೇವ ತಿಳಿಯಲು 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿ ಬಿಡಬೇಕು. ಬೆಳಿಗ್ಗೆ ಒಳಗಡೆ ಹನಿ ಕಂಡರೆ ಗೋಡೆ ಒಣಗಿಲ್ಲ. ಹೊಸ ಗಿಲಾವಾದರೆ 28 ದಿನ ಕಾಯದೆ ಮುಟ್ಟಬಾರದು, ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಗೋಡೆಯ ತಲೆಗೆ ಫರಸಿ ಹಾಸಿ, ಎರಡೂ ಬದಿ 2 ಇಂಚು ಹೊರಚಾಚಿಸಿ, ಚಾಚಿದ ಭಾಗದ ತಳದಲ್ಲಿ ಒಂದು ಗೀರು ಕೊರೆಸಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಚಿತ್ರದ ಮೇಲೆ ಇಳಿಯುವುದಿಲ್ಲ. ಎಲ್ಲೂ ಮಾಡುವುದಿಲ್ಲ, ಆದರೆ ಇದರಷ್ಟು ಅಗ್ಗದ ರಕ್ಷಣೆ ಇನ್ನೊಂದಿಲ್ಲ.

40 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಹೊರಗೋಡೆಯ ಪ್ರೈಮರ್ ಸುಮಾರು 5 ಲೀಟರ್, ಹಿನ್ನೆಲೆಗೆ ಎಕ್ಸ್‌ಟೀರಿಯರ್ ಅಕ್ರಿಲಿಕ್ ಎಮಲ್ಷನ್ ಎರಡು ಸಲ ಬಳಿಯಲು 8 ಲೀಟರ್ ಬೇಕು. ಒರಟು ಗಿಲಾವು ಇನ್ನೂ ಹೆಚ್ಚು ಕುಡಿಯುತ್ತದೆ. ಉಳಿತಾಯಕ್ಕೆಂದು ಡಬ್ಬಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸಿದರೆ ಗೋಡೆ ಬೇಗನೆ ಪುಡಿ ಬಿಡುತ್ತದೆ. ಬಣ್ಣದ ಆಯ್ಕೆಯಲ್ಲಿ ಕೆಮ್ಮಣ್ಣಿನ ಕೆಂಪು, ಕಾವಿ, ಮಣ್ಣಿನ ಹಳದಿಯಂಥ ಆಕ್ಸೈಡ್‌ಗಳು ನಮ್ಮ ಬಿಸಿಲಿಗೆ ನಿಲ್ಲುತ್ತವೆ. ಕಣ್ಣು ಕುಕ್ಕುವ ಗುಲಾಬಿ, ನಿಂಬೆ ಹಳದಿಗಳು ಪಡುವಣ ಗೋಡೆಯಲ್ಲಿ ಮೊದಲು ಮಾಸುತ್ತವೆ. ಎನಾಮೆಲ್ ಅಂತೂ ಹೊರಗೋಡೆಗೆ ಬೇಡ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗುಳ್ಳೆ ಏಳುತ್ತದೆ. ಶಾಲೆ ಗೋಡೆಯಾದರೆ ಡಬ್ಬಿಯ ಮೇಲೆ ಸೀಸದ ಪ್ರಮಾಣ ಓದಿಕೊಳ್ಳಿ. 2017ರ ನವೆಂಬರಿನಿಂದ ಮಿತಿ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ.

ಬಿದರಿ ಕುಸುರಿಯನ್ನು ಗೋಡೆಗೆ ತರುವ ಆಸೆ ಎಲ್ಲರಿಗೂ ಇದೆ. ಕರಿ ನೆಲದ ಮೇಲೆ ಬೆಳ್ಳಿ ಬಳ್ಳಿ ಕಾಗದದಲ್ಲಿ ಸೊಗಸು. ಆದರೆ ಏಪ್ರಿಲ್ ಬಿಸಿಲಿಗೆ ಕಪ್ಪು ಗೋಡೆ ಕೈ ಇಡಲಾಗದಷ್ಟು ಕಾಯುತ್ತದೆ, ಒಳಗೆ ಚೂರು ತೇವ ಇದ್ದರೂ ಉಬ್ಬುತ್ತದೆ. ಬಡಗಣ ಮುಖದ ಗೋಡೆ ಆರಿಸಿಕೊಂಡು ಕಪ್ಪಿನ ಬದಲು ಗಾಢ ಬೂದು ಬಳಸಿದರೆ ಬದುಕುತ್ತದೆ. ಸುರಪುರ ಶೈಲಿಯ ಕಿರುಚಿತ್ರಗಳ ಕಷ್ಟ ಇನ್ನೊಂದು. ಅಂಗೈಯಗಲದಲ್ಲಿ ಓದುವ ಕೂದಲೆಳೆ ಗೆರೆಯನ್ನು ರಸ್ತೆಯಾಚೆಯಿಂದ ಯಾರೂ ಕಾಣರು. ಇಡೀ ಚಿತ್ರ ಹಿಗ್ಗಿಸುವ ಬದಲು ಅಂಚಿನ ಒಂದು ಹೂಬಳ್ಳಿಯನ್ನೋ, ಒಂದೇ ಆಕೃತಿಯನ್ನೋ ತೆಗೆದುಕೊಂಡು, ಗೆರೆಯನ್ನು ಕನಿಷ್ಠ ಅರ್ಧ ಇಂಚು ದಪ್ಪ ಮಾಡಬೇಕು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಬರೆಯುವವರು ಇನ್ನೂ ಊರಲ್ಲಿದ್ದಾರೆ. ದೂರಕ್ಕೆ ಕಾಣುವ ಗೆರೆ, ಅಕ್ಷರದ ಅಳತೆ ಅವರಿಗೆ ಕರಗತ. ಕಾಲೇಜಿನ ಕಲಾ ವಿದ್ಯಾರ್ಥಿಗಳ ಜೊತೆ ಅವರನ್ನೂ ಕೂಡಿಸಿ, ಕೂಲಿ ಕೊಟ್ಟು.

ಉಚ್ಚೆ ಹೊಯ್ಯುವುದನ್ನು ತಡೆಯಲು ದೇವರ ಚಿತ್ರ ಬರೆಸುವ ಉಪಾಯ ನಿಲ್ಲಬೇಕು. ದೇವರನ್ನು ಕಾವಲಿಗೆ ನಿಲ್ಲಿಸುವುದೇ ಸರಿಯಲ್ಲ, ಬಣ್ಣ ಉದುರಿದಾಗ ಬರುವ ತಂಟೆ ಬೇರೆ. ಅಲ್ಲಿ ಬೇಕಿರುವುದು ಶೌಚಾಲಯ, ದೀಪ. ಕೆಳಗಿನ ಒಂದು ಅಡಿಯನ್ನು ಗಾಢ ಬಣ್ಣದ ಖಾಲಿ ಪಟ್ಟಿಯಾಗಿ ಬಿಟ್ಟರೆ ಮಳೆಯ ಕೆಸರು, ಎಲೆಯಡಿಕೆ ಕಲೆ ಅಲ್ಲಿಗೇ ಮುಗಿಯುತ್ತವೆ, ವರ್ಷಕ್ಕೊಮ್ಮೆ ಬಳಿದರಾಯಿತು.

ಗೋಡೆಯ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಚಿತ್ರವನ್ನು ಎಷ್ಟು ವರ್ಷ ಅಳಿಸಬಾರದು, ಅಳಿಸುವ ಮುನ್ನ ಕಲಾವಿದರಿಗೆ ತಿಳಿಸಬೇಕೇ ಎಂಬುದನ್ನೂ ಬರೆದುಕೊಳ್ಳಿ. ದೆಹಲಿಯ ವಿಜ್ಞಾನ ಭವನದಿಂದ ಶಿಲ್ಪಿ ಅಮರನಾಥ ಸೆಹಗಲ್ ಅವರ ಭಿತ್ತಿಶಿಲ್ಪ ಕಿತ್ತ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಕಲಾವಿದರ ಪರ ನಿಂತು 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿದೆ. ತಮ್ಮ ಕೃತಿಯನ್ನು ಕೆಡಿಸದಂತೆ ತಡೆಯುವ ಹಕ್ಕನ್ನು ಕಲಾವಿದರಿಗೆ ಕೊಡುವ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಬರೀ ಕಾಗದದ ಮಾತಲ್ಲ. ಸಂರಕ್ಷಿತ ಸ್ಮಾರಕಗಳ ಗೋಡೆಗೆ ಮಾತ್ರ ಕುಂಚ ಸೋಕಿಸಲೇಬಾರದು.

ಕೊನೆಯದಾಗಿ ಕಾಲದ ಮಾತು. ಹಣಕಾಸು ವರ್ಷ ಮುಗಿಯುತ್ತದೆಂದು ಮಾರ್ಚ್‌ನಲ್ಲಿ ಅವಸರದ ಕೆಲಸ ಹಚ್ಚುತ್ತಾರೆ. ಆಗ ಕಾದ ಗೋಡೆಯ ಮೇಲೆ ಬಣ್ಣ ಕುಂಚದಲ್ಲೇ ಒಣಗಿ, ಪಟ್ಟೆಪಟ್ಟೆಯಾಗಿ, ಸರಿಯಾಗಿ ಅಂಟುವುದೇ ಇಲ್ಲ. ನವೆಂಬರಿನಿಂದ ಫೆಬ್ರುವರಿ ತಕ್ಕ ಹೊತ್ತು; ಮೂಡಣ ಗೋಡೆಗೆ ಮಧ್ಯಾಹ್ನ, ಪಡುವಣ ಗೋಡೆಗೆ ಬೆಳಿಗ್ಗೆ. ಅದಕ್ಕೆ ಗಿಲಾವು ಅಕ್ಟೋಬರಿನಲ್ಲಿ ಮುಗಿದಿರಬೇಕು, ಗೋಡೆ ಪರೀಕ್ಷೆ ಮತ್ತು ಕಾರ್ಯಾದೇಶ ಮಳೆಗಾಲದಲ್ಲೇ ಆಗಬೇಕು. ತೇವ ಎಲ್ಲಿ ಏರುತ್ತದೆಂದು ಕಾಣುವುದೂ ಆಗಲೇ. ಟೆಂಡರಿನಲ್ಲಿ ಗೋಡೆ ದುರಸ್ತಿಗೂ ಚಿತ್ರಕ್ಕೂ ಬೇರೆ ಬೇರೆ ದರ ನಮೂದಿಸಿ, ಮುಂದಿನ ತೇಪೆಗೆ ಪ್ರತಿ ಬಣ್ಣದ ಒಂದು ಲೀಟರನ್ನು ಅದರ ಶೇಡ್ ಸಂಖ್ಯೆಯ ಸಮೇತ ವಾರ್ಡ್ ಕಚೇರಿಗೆ ಒಪ್ಪಿಸುವ ಷರತ್ತು ಹಾಕಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇನೆ.

– ಒಬ್ಬ ಭಿತ್ತಿಚಿತ್ರ ಕಲಾವಿದ, ಕಲಬುರಗಿ